ಅಂಚು ಉಜ್ಜಿದ ಗಾಜು

ಮಾರ್ಚ್ 27, ಗುರುವಾರ, ಬೆಳಿಗ್ಗೆ 7.40. ಠಾಣೆಯ ಪಹರೆಯವನು ಇನ್ನೂ ಬೂಟಿನ ದಾರ ಬಿಗಿಯುತ್ತಿದ್ದ, ಅಷ್ಟರಲ್ಲಿ ಮೂವತ್ತೆರಡು ಜನ ಒಟ್ಟಿಗೇ ಮೆಟ್ಟಿಲು ಹತ್ತಿ ಬಂದರು. ಮುಂದೆ ನಿವೃತ್ತ ಟೀಚರಮ್ಮ, ಕೈಯಲ್ಲಿ ನಾಲ್ಕು ಪುಟದ ದೂರು. ಹಿಂದೆ ತರಕಾರಿಯವರು, ಮೀನಿನವರು, ಬೀಗ ರಿಪೇರಿಯವನು, ಹೂವಿನಕ್ಕ. ಒಬ್ಬನಂತೂ ಅವಸರದಲ್ಲಿ ತಕ್ಕಡಿ ಹಿಡಿದುಕೊಂಡೇ ಬಂದಿದ್ದ.

ಇನ್‌ಸ್ಪೆಕ್ಟರಮ್ಮನಿಗೆ ಇವರಲ್ಲಿ ಯಾರೂ ಹೊಸಬರಲ್ಲ. ನೂರ ಹನ್ನೆರಡು ವರ್ಷದ ಕಮಾನು ಮಾರ್ಕೆಟ್ಟನ್ನು ಕೆಡವಬಾರದು ಎಂದು ಎರಡು ವರ್ಷದಿಂದ ಊರು ಒಂದು ಮಾಡಿದವರು ಇವರೇ. ಹೋದ ವರ್ಷ ಇವರು ಕಟ್ಟಡದ ಸುತ್ತ ಕೈಕೈ ಹಿಡಿದು ನಿಂತಾಗ ಬಂದೋಬಸ್ತಿಗೆ ಹೋದವಳು ಅವಳೇ. ಆ ದಿನ ಸಾಲಿಗೆ ಒಬ್ಬರು ಕಡಿಮೆ ಬಿದ್ದಿದ್ದರು. ಟೀಚರಮ್ಮ, "ಒಂದು ಗಳಿಗೆ ನೀವೇ ಹಿಡ್ಕೊಳ್ಳಿ," ಎಂದು ಮೀಸೆ ದಫೇದಾರರ ಕೈ ಎಳೆದು ಸೇರಿಸಿಕೊಂಡಿದ್ದರು. ಕಾಲು ಗಂಟೆ ದಫೇದಾರರು ಸಮವಸ್ತ್ರದಲ್ಲೇ ಚಳವಳಿಗಾರರಾಗಿದ್ದರು. ಮೇಲಿನವರಿಂದ ಮೆಮೋ ಬಂದಿತ್ತು, ಅದನ್ನು ಅವರು ಮಡಚಿ ಪರ್ಸಿನಲ್ಲಿಟ್ಟುಕೊಂಡು ಕಂಡವರಿಗೆಲ್ಲ ತೋರಿಸುತ್ತಾರೆ.

"ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಏನಾಯ್ತು?"

"ಆರನೇ ಪಟ್ಟಿ ಒಡೆದುಬಿಟ್ಟಿದಾರೆ," ಎಂದರು ಟೀಚರಮ್ಮ. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಗಂಟಲು ಅದು, ಠಾಣೆಗೆಲ್ಲ ಕೇಳಿಸಿತು.

ಪಟ್ಟಿಯ ಸಂಗತಿ ಊರಿಗೆಲ್ಲ ಗೊತ್ತು. ಜನವರಿ 10ರಂದು ನಗರಸಭೆಯ ಎಂಜಿನಿಯರು ಮಾರ್ಕೆಟ್ಟಿನ ಎಂಟು ಬಿರುಕುಗಳ ಮೇಲೆ ಎಂಟು ಗಾಜಿನ ಪಟ್ಟಿ ಅಂಟಿಸಿದ್ದರು. ಗೇಣುದ್ದ, ಎರಡು ಬೆರಳು ಅಗಲ. ಬಿರುಕಿನ ಆ ಕಡೆಗೊಂದು ಈ ಕಡೆಗೊಂದು ಗಾರೆಯ ಮುದ್ದೆ. ಗಾಜಿನ ಮೇಲೆ ನಂಬರು, ತಾರೀಕು, ಎಂಜಿನಿಯರರ ಸಹಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಬಗ್ಗುವುದಿಲ್ಲ, ಸೀಳುತ್ತದೆ. ತೊಂಬತ್ತು ದಿನ ಎಂಟೂ ಇಡಿಯಾಗಿದ್ದರೆ ಕಟ್ಟಡಕ್ಕೆ ದುರಸ್ತಿ. ಒಂದು ಒಡೆದರೂ ಎಲ್ಲರೂ ಖಾಲಿ ಮಾಡಬೇಕು, ಕಟ್ಟಡ ನೆಲಸಮ. ಇದಕ್ಕೆ ನಗರಸಭೆಯೂ ಒಪ್ಪಿತ್ತು, ಇವರ ಮಾರ್ಕೆಟ್ಟು ಉಳಿಸುವ ಸಮಿತಿಯೂ ರುಜು ಹಾಕಿತ್ತು. ಪ್ರತಿ ಗುರುವಾರ ಬೆಳಿಗ್ಗೆ ಏಳಕ್ಕೆ ಟೀಚರಮ್ಮ ಒಂದು ಸುತ್ತು ಹಾಕಿ, ಪುಸ್ತಕದಲ್ಲಿ 'ಎಂಟೂ ಹಾಜರು' ಎಂದು ಬರೆಯುತ್ತಿದ್ದರು. ಇವತ್ತು ಎಪ್ಪತ್ತಾರನೇ ದಿನ.

"ಯಾರ ಮೇಲೆ ಅನುಮಾನ?"

"ಪಕ್ಕದ ಸೈಟಿನವರು!" ಮೂವತ್ತೆರಡು ಬಾಯಿ ಒಂದೇ ಸಲ ಹೇಳಿತು.

ಮಾರ್ಕೆಟ್ಟಿನ ಪಕ್ಕದ ಜಾಗದಲ್ಲಿ ಹೊಸ ವಾಣಿಜ್ಯ ಕಟ್ಟಡಕ್ಕೆ ಪಾಯ ತೋಡುತ್ತಿದ್ದರು. ಹಳೆಯದು ಬಿದ್ದರೆ ಆ ಜಾಗವೂ ಅವರಿಗೇ ಎಂದು ಊರಿನ ಮಾತು. 8.05ಕ್ಕೆ FIR ಆಯಿತು. ದೂರಿನ ಕೆಳಗೆ ಒಬ್ಬರ ಸಹಿ ಸಾಕು ಎಂದರೂ ಕೇಳದೆ ಎಲ್ಲರೂ ಸಹಿ ಹಾಕಿದರು. ತಕ್ಕಡಿಯವನು ಹೆಬ್ಬೆಟ್ಟು ಒತ್ತಿದ. ಅವನಿಗೆ ಸಹಿ ಬರುತ್ತಿತ್ತು, ಆದರೆ ಹೆಬ್ಬೆಟ್ಟಿಗೆ ತೂಕ ಜಾಸ್ತಿ ಎಂದು ಅವನ ನಂಬಿಕೆ.

9.15ಕ್ಕೆ ಸ್ಥಳ ಮಹಜರು. ಮಾರ್ಕೆಟ್ಟಿನಲ್ಲಿ ಹನ್ನೆರಡು ಕಮಾನು, ಇಪ್ಪತ್ತನಾಲ್ಕು ಕಂಬ. ಮೇಲಿನ ಗವಾಕ್ಷಿಗಳಿಂದ ಬಿಸಿಲು ಇಳಿದು ಟೊಮೆಟೊ ರಾಶಿಯ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಇಲ್ಲಿ ಯಾರಿಗೂ ಅಂಗಡಿ ನಂಬರಿಲ್ಲ, ಕಂಬದ ನಂಬರೇ ವಿಳಾಸ. ಇನ್‌ಸ್ಪೆಕ್ಟರಮ್ಮ ಹುಡುಗಿಯಾಗಿದ್ದಾಗ ಶಾಲೆಗೆ ಹೋಗುವ ದಾರಿಯಲ್ಲಿ ಒಂದನೇ ಕಂಬದಿಂದ ಒಳಹೊಕ್ಕು ಇಪ್ಪತ್ತನಾಲ್ಕನೇ ಕಂಬದಿಂದ ಹೊರಬೀಳುತ್ತಿದ್ದಳು, ಬಿಸಿಲು ತಪ್ಪಿಸಲು. ಈಗಲೂ ಒಳಗೆ ಕಾಲಿಟ್ಟ ಕೂಡಲೇ ನಡಿಗೆ ಚುರುಕಾಗುತ್ತದೆ. ಈ ಕಟ್ಟಡವೆಂದರೆ ಅವಳಿಗೆ ಪ್ರಾಣ. ತನಿಖಾಧಿಕಾರಿ ಅದನ್ನೆಲ್ಲ ಕಡತದಲ್ಲಿ ಬರೆಯುವಂತಿಲ್ಲ, ಅಷ್ಟೇ.

ಆರನೇ ಪಟ್ಟಿ ಹದಿನಾಲ್ಕನೇ ಕಂಬದಲ್ಲಿ, ಎದೆಯ ಎತ್ತರಕ್ಕೆ. ಗಾಜು ಸರಿಯಾಗಿ ಬಿರುಕಿನ ಗೆರೆಯಲ್ಲೇ ಎರಡಾಗಿತ್ತು. ಎರಡೂ ತುಂಡು ತಂತಮ್ಮ ಗಾರೆಯಲ್ಲಿ ಭದ್ರವಾಗಿ ಕೂತಿದ್ದವು. ಕೆಳಗೆ ಒಂದು ಚೂರೂ ಬಿದ್ದಿರಲಿಲ್ಲ.

"ಸುತ್ತಿಗೇಲಿ ಹೊಡೆದಿದ್ರೆ ಪುಡಿಪುಡಿ ಆಗಬೇಕಿತ್ತಲ್ಲ ಮೇಡಂ," ಎನ್ನುತ್ತ ದಫೇದಾರರು ಅಳತೆಗೆಂದು ಗಾಜಿನ ಅಂಚಿಗೆ ಬೆರಳು ಹಚ್ಚಿದರು. "ಅಯ್ಯಯ್ಯೋ!"

ರಕ್ತ ಚಿಮ್ಮಿತು. ಹೂವಿನಕ್ಕ ಓಡಿಬಂದು ಬಟ್ಟೆ ಕಟ್ಟಿದಳು. ಟೀಚರಮ್ಮ, "ಗಾಜು ಅಂತ ಗೊತ್ತಿದ್ದೂ ಯಾರಾದ್ರೂ ಬೆರಳಿಡ್ತಾರೇನ್ರೀ?" ಎಂದು ಗದರಿದರು. ದಫೇದಾರರ ಮೀಸೆ ಜೋತುಬಿತ್ತು.

ಉಳಿದ ಏಳನ್ನೂ ದಾಖಲಿಸಬೇಕಿತ್ತು. ಈ ಸಲ ದಫೇದಾರರು ಬುದ್ಧಿವಂತರಾಗಿ ಕರವಸ್ತ್ರ ಸುತ್ತಿಕೊಂಡು ಅಳೆದರು. ಒಂದು, ಎರಡು, ಮೂರು: ಮೂರರಲ್ಲೂ ಕರವಸ್ತ್ರದ ನೂಲು ಅಂಚಿಗೆ ಸಿಕ್ಕಿ ಪರಕ್ ಎಂದಿತು. ನಾಲ್ಕನೆಯದರ ಮೇಲೆ ಬಟ್ಟೆ ಸಲೀಸಾಗಿ ಜಾರಿತು.

"ಇದೊಂದು ಒಳ್ಳೇ ಗಾಜು ಮೇಡಂ. ಕುಯ್ಯೋದೇ ಇಲ್ಲ."

ಇನ್‌ಸ್ಪೆಕ್ಟರಮ್ಮ ಬರಿಬೆರಳನ್ನು ಅಂಚಿನ ಉದ್ದಕ್ಕೂ ಎಳೆದಳು. ಏನೂ ಆಗಲಿಲ್ಲ. ಯಾರೋ ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ್ದರು. ಐದನೆಯದು ಮತ್ತೆ ಹರಿತ. ಏಳನೆಯದು ನುಣುಪು. ಎಂಟನೆಯದು ಹರಿತ.

ಅವಳು ನುಣುಪಾದ ಎರಡು ಪಟ್ಟಿಗೂ ಹತ್ತಿರದಿಂದ ಫೋಟೋ ತೆಗೆಸಿದಳು. ಪಂಚರ ಮುಂದೆ ಬಾಯಿ ಬಿಡಲಿಲ್ಲ. ಮಹಜರಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆಸಿದಳು: 'ಪಟ್ಟಿ 4 ಮತ್ತು 7, ಅಂಚು ಉಜ್ಜಿದೆ.'

11.30ಕ್ಕೆ ಪಕ್ಕದ ಸೈಟು. ಅಲ್ಲಿನ ಮೇಸ್ತ್ರಿ ಹಾರಿಬಿದ್ದ.

"ನಾವ್ಯಾಕೆ ಒಡೀಲಿ? ಅವರಾಗೇ ಬೀಳ್ತಾರೆ ಅಂತ ನಮ್ಮ ಯಜಮಾನ್ರು ಆರಾಮಾಗಿದಾರೆ."

"ನಿನ್ನೆ ಎಲ್ಲಿದ್ದೆ?"

"ನಿನ್ನೆ ರಜಾ. ಗೇಟಿಗೆ ಬೀಗ. ಮೊನ್ನೆ ದಿನವಿಡೀ ಪಂಪು ಹಾಕಿ ಗುಂಡಿ ನೀರು ತೆಗೆದ್ವಿ, ಹುಡುಗರಿಗೆ ಸೊಂಟ ಬಿದ್ದುಹೋಗಿತ್ತು. ಅದಕ್ಕೇ ರಜಾ ಕೊಟ್ಟೆ."

"ಬರವಣಿಗೆ ಇದೆಯಾ?"

ಇತ್ತು. ಮೇಸ್ತ್ರಿ ಬಾಯಲ್ಲಿ ಒರಟ, ಪುಸ್ತಕದಲ್ಲಿ ಅಚ್ಚುಕಟ್ಟು. ಯಾವ ದಿನ ಎಷ್ಟು ಜನ, ಯಾವ ಯಂತ್ರ, ಎಲ್ಲ ಬರೆದಿದ್ದ. ಪಂಪು ಹಾಕಿದ ದಿನಗಳಿಗೆ ಕೆಂಪು ಪೆನ್ಸಿಲಿನ ಸುತ್ತು. ಪಂಪು ಬಾಡಿಗೆಯದು, ಕಳಿಸಿದವರ ಜೊತೆ ತಕರಾರು ಬರಬಾರದು ಎಂದು. 26ರಂದು ಗೇಟು ತೆರೆದೇ ಇರಲಿಲ್ಲ, ಎದುರಿನ ಔಷಧಿ ಅಂಗಡಿಯವನೂ ಹಾಗೇ ಹೇಳಿದ. ಪುಸ್ತಕ ಜಪ್ತಿ ಮಾಡಿ ಹೊರಬಂದರು. ದಫೇದಾರರಿಗೆ ಬೇಸರವಾಯಿತು. ಬೆರಳು ಕುಯ್ಸಿಕೊಂಡಿದ್ದಕ್ಕೆ ಆ ಮೇಸ್ತ್ರಿಯನ್ನಾದರೂ ಹಿಡಿಯಬಹುದು ಎಂದುಕೊಂಡಿದ್ದರು ಪಾಪ.

ಸಂಜೆ 4ಕ್ಕೆ ಎಂಜಿನಿಯರು ತಾವೇ ಠಾಣೆಗೆ ಬಂದರು. ತೆಳ್ಳಗಿನ ಮನುಷ್ಯ, ಮಾತು ಅಳೆದು ತೂಗಿ. ಹದಿನೈದು ದಿನಕ್ಕೊಮ್ಮೆ ಬಂದು ಟಾರ್ಚು ಬಿಟ್ಟು ನೋಡುತ್ತಿದ್ದರಂತೆ. ಮುಟ್ಟಿ ನೋಡಿರಲಿಲ್ಲ.

"ಗಾಜು ಎಲ್ಲಿಂದ ತಂದ್ರಿ?"

"ಆಫೀಸಿನ ಹಳೇ ಕಿಟಕಿ ಗಾಜು. ನಮ್ಮ ಜವಾನನೇ ಕತ್ತರಿಸಿದ. ಎಂಟೂ ಒಂದೇ ಗಾಜಿಂದ."

"ಅಂಚು ಉಜ್ಜಿಸಿದ್ರಾ?"

"ಅಂಚಾ? ಅದನ್ನ ಯಾಕೆ ಉಜ್ಜಿಸ್ಲಿ?"

ಅವಳು ನಾಲ್ಕು ಮತ್ತು ಏಳನೇ ಪಟ್ಟಿಯ ಫೋಟೋ ಮುಂದಿಟ್ಟಳು. ಎಂಜಿನಿಯರು ಕನ್ನಡಕ ಏರಿಸಿ ನೋಡಿದರು, ಇಳಿಸಿ ನೋಡಿದರು.

"ಇದು ನನ್ನ ಸಹಿ ಅಲ್ಲ."

"ಹೇಗೆ ಹೇಳ್ತೀರಿ?"

"ನನ್ನ ಸಹಿ ಇಷ್ಟು ಚೆನ್ನಾಗಿ ನನಗೇ ಬರಲ್ಲ ಮೇಡಂ."

ಆಮೇಲೆ ಅವರ ಮುಖ ಗಂಭೀರವಾಯಿತು. ಆರನೆಯದನ್ನು ಯಾರೂ ಒಡೆದಿಲ್ಲ, ಗೋಡೆ ಸರಿದು ಅದೇ ಸೀಳಿದೆ. ನಾಲ್ಕೂ ಏಳೂ ಹಿಂದೆಯೇ ಸೀಳಿರಬೇಕು, ಯಾರೋ ಬದಲಾಯಿಸಿ ಮುಚ್ಚಿಟ್ಟಿದ್ದಾರೆ. ಅಂದರೆ ಕಟ್ಟಡ ಇಷ್ಟು ದಿನವೂ ಸರಿಯುತ್ತಲೇ ಇತ್ತು.

"ನಾನು ಸೋಮವಾರ ವರದಿ ಕೊಡಲೇಬೇಕು. ಕರಾರಿನ ಪ್ರಕಾರ ಕೆಡವೋದೇ. ಅದಿರಲಿ, ಆ ನಾಲ್ಕನೇ ಪಟ್ಟಿ ಕೆಳಗೆ ಯಾರು ಕೂರ್ತಾರೆ? ಮೊದಲು ಅವರನ್ನ ಎಬ್ಬಿಸಿ."

ಐದೂವರೆಗೆ ಇನ್‌ಸ್ಪೆಕ್ಟರಮ್ಮ ಮೂರು ಕಮಾನಿನ ಕೆಳಗೆ ಹಗ್ಗ ಕಟ್ಟಿಸಿದಳು. ಯಾಕೆ ಏನು ಎಂದು ಹೇಳಲಿಲ್ಲ. ಬೆಳಿಗ್ಗೆ ನ್ಯಾಯ ಕೇಳಿ ಬಂದವರು ಈಗ ಮುಖ ತಿರುಗಿಸಿಕೊಂಡರು. ಟೀಚರಮ್ಮ ಮಾತ್ರ ಹತ್ತಿರ ಬಂದು, "ನೀನೂ ಅವರ ಕಡೆ ಸೇರಿಬಿಟ್ಟೆಯಾ?" ಎಂದರು. ಅವಳಿಗೆ ಮೂರನೇ ಕ್ಲಾಸಿನಲ್ಲಿ ಪಾಠ ಹೇಳಿದವರು. ಅವಳು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಗಿದು ಜೀಪು ಹತ್ತಿದಳು. ದಾರಿಯುದ್ದಕ್ಕೂ ಕಣ್ಣು ಉರಿಯುತ್ತಿತ್ತು.

ಮಾರ್ಚ್ 28, ಶುಕ್ರವಾರ, ಮಧ್ಯಾಹ್ನ 1.30. ಊಟಕ್ಕೆ ಮನೆಗೆ ಹೋದಳು. ತಟ್ಟೆ ಮುಂದಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದ ಮಗಳನ್ನು ಕಂಡು ಅವಳಮ್ಮನಿಗೆ ಸಿಟ್ಟು ಬಂತು.

"ಊಟ ಮುಂದೆ, ಜ್ಞಾನ ಎಲ್ಲೋ. ಸುಮ್ನೆ ಕೂತಿದ್ರೆ ಅಪ್ಪನ ಫೋಟೋನಾದ್ರೂ ಒರೆಸು. ನನಗೆ ಎಟುಕಲ್ಲ."

ಅವಳು ಕುರ್ಚಿ ಹಾಕಿ ಅಪ್ಪನ ಫೋಟೋ ಇಳಿಸಿದಳು. ಫ್ರೇಮಿನ ಒಂದು ಮೂಲೆ ಸಡಿಲಾಗಿತ್ತು, ಗಾಜು ಕಾಲಿಂಚು ಹೊರಗೆ ಜಾರಿತ್ತು. ಒಳಗೆ ತಳ್ಳಲು ಬೆರಳಿಟ್ಟಳು. ಇಟ್ಟ ಬೆರಳು ಅಲ್ಲೇ ನಿಂತಿತು.

ನುಣುಪು.

ಯಾರಿಗೂ ಕಾಣದ ಅಂಚು ಅದು, ಮರದ ಸಂದಿಯಲ್ಲಿ ಮುಚ್ಚಿಹೋಗುವಂಥದ್ದು. ಅದನ್ನೂ ಉಜ್ಜಿದ್ದಾನೆ! ಫೋಟೋ ತಿರುಗಿಸಿದಳು. ಹಿಂದಿನ ರಟ್ಟಿನ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು: 'ಬಿಗಿದದ್ದು ಆಗಸ್ಟ್ 19, ಬೆಳಿಗ್ಗೆ 11.10.' ಮಾರ್ಕೆಟ್ಟಿನಲ್ಲಿ ಫೋಟೋಗಳಿಗೆ ಕಟ್ಟು ಹಾಕುವ ಫ್ರೇಮಣ್ಣ ತನ್ನ ಕೈಯಿಂದ ಹೊರಟ ಪ್ರತಿ ಫ್ರೇಮಿಗೂ ಹೀಗೆ ಬರೆಯುತ್ತಾನೆ. ಆ ಅಕ್ಷರಕ್ಕೆ ಮನಸೋತು ಊರಿನವರೆಲ್ಲ ಫೋಟೋ ಕೆಳಗಿನ ಹೆಸರನ್ನೂ ಅವನಿಂದಲೇ ಬರೆಸುತ್ತಾರೆ. ಮಾರ್ಕೆಟ್ಟು ಉಳಿಸಲು ಸಮಿತಿಯವರು ಹಳೆಯ ಫೋಟೋಗಳ ಪ್ರದರ್ಶನ ಇಟ್ಟಾಗ ನೂರ ಆರು ಫ್ರೇಮು ಬಿಟ್ಟಿಯಾಗಿ ಕಟ್ಟಿಕೊಟ್ಟವನೂ ಅವನೇ.

"ಏನಾಯ್ತೇ?" ಎಂದಳು ಅಮ್ಮ.

"ಏನಿಲ್ಲಮ್ಮ. ಗಾಜು ಚೆನ್ನಾಗಿದೆ."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅಪ್ಪ ತೀರಿಕೊಂಡ ವಾರ ಫೋಟೋ ಹಿಡಿದು ಹೋದಾಗ ಫ್ರೇಮಣ್ಣ ಎದ್ದು ನಿಂತು ಎರಡೂ ಕೈಯಲ್ಲಿ ತೆಗೆದುಕೊಂಡಿದ್ದ. ಅದನ್ನು ಅವಳು ಇವತ್ತಿಗೂ ಮರೆತಿಲ್ಲ.

3 ಗಂಟೆಗೆ ಮಾರ್ಕೆಟ್ಟು. ಮೊದಲು ಹೂವಿನಕ್ಕನ ಹೇಳಿಕೆ. ಅವಳೀಗ ಎರಡನೇ ಕಂಬದ ಹತ್ತಿರ ಕೂರುತ್ತಿದ್ದಳು.

"ನೀನು ಮುಂಚೆ ಹನ್ನೊಂದನೇ ಕಂಬದಲ್ಲಿ ಇದ್ದೆ ಅಲ್ವಾ ಅಕ್ಕ? ನಾಲ್ಕನೇ ಪಟ್ಟಿ ಕೆಳಗೆ?"

"ಹೌದು. ಫೆಬ್ರವರಿ ಮೊದಲ ವಾರ ಫ್ರೇಮಣ್ಣ ಬಂದು, ಜಾಗ ಬದಲಾಯಿಸ್ಕೊಳ್ಳೋಣ ಅಂದ. ನನ್ನ ಜಾಗದಲ್ಲಿ ಬೆಳಕು ಚೆನ್ನಾಗಿದೆಯಂತೆ, ಕಣ್ಣಿಗೆ ಆರಾಮವಂತೆ. ನನಗೇನು, ಬಾಗಿಲ ಹತ್ರ ವ್ಯಾಪಾರ ಜಾಸ್ತಿ. ಒಪ್ಕೊಂಡೆ."

ಇನ್‌ಸ್ಪೆಕ್ಟರಮ್ಮ ಎರಡೂ ಕಡೆ ನೋಡಿದಳು. ಎರಡನೇ ಕಂಬದ ಮೇಲೆ ಗವಾಕ್ಷಿ ಇತ್ತು, ಬಿಸಿಲು ಹೂವಿನ ಬುಟ್ಟಿಯೊಳಗೇ ಇಳಿದಿತ್ತು. ಹನ್ನೊಂದನೇ ಕಂಬದ ಕೆಳಗೆ ಹಗಲಲ್ಲೂ ಬಲ್ಬು ಬೇಕು.

"ಅವನು ಅಂಗಡಿ ತೆಗೆಯೋದು ಎಷ್ಟು ಹೊತ್ತಿಗೆ?"

"ಎಲ್ಲರಿಗಿಂತ ಮುಂಚೆ. ಐದೂವರೆಗೆಲ್ಲ ಗಂಡ ಹೆಂಡ್ತಿ ಹಾಜರು. ಮಂಗಳವಾರ ಆಕೇನ ಕಣ್ಣಿನ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದ, ನಿನ್ನೆ ಸಂಜೆ ಬಂದ್ರು. ಬಂದು ನೋಡಿದ್ರೆ ಅಂಗಡಿಗೆ ನೀವು ಹಗ್ಗ ಕಟ್ಟಿದೀರಿ. ಪಾಪ, ಅಲ್ಲಿ ಗೋಡೆ ಪಕ್ಕ ಕೂತಿದಾರೆ ನೋಡಿ."

ಮಂಗಳವಾರ, ಬುಧವಾರ ಅವನಿರಲಿಲ್ಲ. ಗುರುವಾರ ಟೀಚರಮ್ಮನ ಕಣ್ಣಿಗೆ ಒಡೆದ ಪಟ್ಟಿ ಬಿತ್ತು. ಇನ್ನು ಕೂಡಿ ಕಳೆಯಲು ಏನೂ ಉಳಿದಿರಲಿಲ್ಲ.

ಫ್ರೇಮಣ್ಣ ಗೋಡೆಗೆ ಒರಗಿ ಕೂತು ಮರದ ಪಟ್ಟಿಗೆ ಅರ ಹಾಕುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ ಫ್ರೇಮುಗಳ ಹಿಂದೆ ತೂಗುದಾರ ಕಟ್ಟುತ್ತಿದ್ದಳು. ಏಳು ವರ್ಷದಿಂದ ಅವಳಿಗೆ ಎರಡೂ ಕಣ್ಣಿಲ್ಲ. ಬೆರಳುಗಳಿಗೆ ಮಾತ್ರ ಸಂದೇಹವೇ ಇರಲಿಲ್ಲ, ಎರಡು ಕೊಂಡಿ, ಒಂದು ಗಂಟು, ಮುಂದಿನದು.

"ಬಾಮ್ಮಾ," ಎಂದ ಫ್ರೇಮಣ್ಣ. ಅವಳ ಕಣ್ಣು ತಪ್ಪಿಸಿದ.

"ಬೂಟಿನ ಸದ್ದು ಕೇಳೇ ನೀನು ಅಂದ್ಕೊಂಡೆ," ಎಂದು ಹೆಂಡತಿ ನಕ್ಕಳು. "ಒಂದನೇ ಕಂಬದಿಂದ ಬಂದೆ, ಎರಡನೇದರ ಹತ್ರ ನಿಂತೆ. ಸರೀನಾ?"

"ಸರಿ ಅತ್ತೆ. ಡಾಕ್ಟರ್ ಏನಂದ್ರು?"

"ಏನಂತಾರೆ? ಇನ್ನು ಬರೋದಿಲ್ಲ ಅಂದ್ರು. ಹೋಗ್ಲಿ ಬಿಡು. ಮನೇಲಿ ಸ್ಟೂಲಿಗೆ ಎಡವಿ ಬೀಳ್ತೀನಿ, ರಸ್ತೇಲಿ ಇವರ ತೋಳು ಬೇಕು. ಇಲ್ಲಿಗೆ ಬಂದ್ರೆ ಮಾತ್ರ ನಾನು ಕುರುಡಿ ಅಲ್ಲ ಕಣಮ್ಮ. ಇಪ್ಪತ್ತನಾಲ್ಕು ಕಂಬ, ಒಂದೊಂದೂ ಗೊತ್ತು. ಮದುವೆಯಾಗಿ ಬಂದಾಗಿನಿಂದ ಸವರಿದ್ದೀನಿ. ಬೆಳಿಗ್ಗೆ ಬಂದ ತಕ್ಷಣ ಒಂದು ಸುತ್ತು, ಒಬ್ಬಳೇ. ಎಂಟು ಗಾಜನ್ನೂ ಮುಟ್ಟಿ ನೋಡ್ಕೊಂಡು ಬರ್ತೀನಿ, ನಮ್ಮ ಟೀಚರಮ್ಮನಿಗಿಂತ ಮುಂಚೆ."

ಫ್ರೇಮಣ್ಣನ ಅರ ನಿಂತಿತು.

"ಬೆರಳು ಕುಯ್ಯಲ್ವಾ ಅತ್ತೆ?"

"ಮೊದಲನೇ ದಿನವೇ ಕುಯ್ತು, ನೋಡು ಗಾಯ. ಆಮೇಲೆ ಒಂದಿನ ನಾಲ್ಕನೇದು ಎರಡಾಗಿ ಕೈಗೆ ಸಿಕ್ತು. ನನ್ನ ಎದೆ ಧಸಕ್ಕಂತು. ಇವರಿಗೆ ಹೇಳಿದೆ. ಮಾರನೇ ದಿನ ನೋಡಿದ್ರೆ ಹೊಸಾದು! ಎಂಜಿನಿಯರು ಬಂದಿದ್ರಂತೆ, ಬಿಸಿಲಿಗೆ ಸೀಳಿದೆ ಏನೂ ಚಿಂತೆಯಿಲ್ಲ ಅಂತ ಬೇರೆ ಹಾಕಿದ್ರಂತೆ. ಎಂಥ ಒಳ್ಳೇ ಮನುಷ್ಯ ಗೊತ್ತಾ? ನನ್ನ ಬೆರಳಿನ ವಿಷಯ ಕೇಳಿ ಅಂಚೂ ಉಜ್ಜಿಸಿದಾರೆ. ಯಾರು ಮಾಡ್ತಾರೆ ಹೇಳು ಇಷ್ಟೆಲ್ಲ?"

ಅಕ್ಕಪಕ್ಕದಲ್ಲಿ ಯಾರೋ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದರು. ಫ್ರೇಮಣ್ಣ ಕಣ್ಣು ಮುಚ್ಚಿಕೊಂಡ.

"ಸಾಕು ಕಣೇ," ಎಂದ. "ಇನ್ನು ಸಾಕು. ಎಂಜಿನಿಯರು ಏನೂ ಮಾಡಿಲ್ಲ. ಎಲ್ಲ ನಾನೇ."

ಹೆಂಡತಿಯ ಕೈಯಲ್ಲಿದ್ದ ದಾರ ಕೆಳಗೆ ಬಿತ್ತು.

"ಎಷ್ಟು ಸಲ ಬದಲಾಯಿಸಿದೆ ಫ್ರೇಮಣ್ಣ?"

"ಮೂರು ಸಲ. ನಾಲ್ಕನೇದು ಎರಡು ಸಲ, ಏಳನೇದು ಒಂದು ಸಲ."

"ಸಹಿ?"

"ಅದೂ ನಾನೇ."

"ಆ ಕಮಾನಿನ ಕೆಳಗೆ ಜನ ಓಡಾಡ್ತಾರೆ. ಬಿದ್ದಿದ್ರೆ?"

"ಅದಕ್ಕೇ ಹೂವಿನಕ್ಕನ್ನ ಎಬ್ಬಿಸಿ ನಾನು ಕೂತೆ."

"ನೀನೊಬ್ಬ ಕೂತ್ರೆ ಆಯ್ತಾ? ಗಿರಾಕಿಗಳು? ಆ ಕಡೆ ಈ ಕಡೆ ಹೋಗೋರು?" ಅವಳಿಗೆ ತಡೆಯದಷ್ಟು ಸಿಟ್ಟು ಬಂದಿತ್ತು. ಸಿಟ್ಟಿನ ಜೊತೆ ಅಳುವೂ ಬರುತ್ತಿತ್ತು, ಅದೊಂದು ಪೀಕಲಾಟ. "ಅತ್ತೆ ಎಲ್ಲಿ ಕೂರ್ತಿದ್ರು?"

ಹೆಂಡತಿಯೇ ಹೇಳಿದಳು, ನಿಧಾನವಾಗಿ.

"ನನ್ನನ್ನ ಆಚೆ, ಹದಿಮೂರನೇ ಕಂಬಕ್ಕೆ ಕೂರಿಸ್ತಿದ್ರು. ಅರದ ಪುಡಿ ಕಣ್ಣಿಗೆ ಹೋಗುತ್ತೆ ಅಂತ. ಇಲ್ಲದ ಕಣ್ಣಿಗೆ ಪುಡಿ ಹೋಗುತ್ತೆ ಅಂದ್ರೆ ನಾನೂ ನಂಬಿದೆ ನೋಡು." ಅವಳು ಗಂಡನ ತೋಳು ಹುಡುಕಿ ಹಿಡಿದು ಒಂದು ಏಟು ಹಾಕಿದಳು. ಆಮೇಲೆ ಕೈ ತೆಗೆಯಲಿಲ್ಲ. "ನನ್ನ ಹತ್ರ ಸುಳ್ಳು ಹೇಳಿದ್ರಲ್ರೀ."

"ಒಡೆದ ಗಾಜು ಎಲ್ಲಿ?" ಎಂದಳು ಇನ್‌ಸ್ಪೆಕ್ಟರಮ್ಮ.

"ಡಬ್ಬೀಲಿದೆ. ಕಸಕ್ಕೆ ಹಾಕಿದ್ರೆ ಯಾರದಾದ್ರೂ ಕೈ ಕುಯ್ಯುತ್ತೆ ಅಂತ ಎಸೀಲಿಲ್ಲ."

ಹಗ್ಗ ದಾಟಿ ದಫೇದಾರರು ಬಿಸ್ಕತ್ತಿನ ಡಬ್ಬಿ ತಂದರು. ಒಳಗೆ ದಪ್ಪ ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಮೂರು ಪೊಟ್ಟಣ. ಮೂರರ ಮೇಲೂ ಪೆನ್ಸಿಲ್ಲಿನ ಮುತ್ತಿನಕ್ಷರ. 'ನಂ. 4, ಸಿಕ್ಕಿದ್ದು ಫೆಬ್ರವರಿ 3, ಬೆಳಿಗ್ಗೆ 5.50.' 'ನಂ. 4, ಫೆಬ್ರವರಿ 24, 5.45.' 'ನಂ. 7, ಮಾರ್ಚ್ 10, 5.50.' ಕಳ್ಳತನಕ್ಕೂ ತಾರೀಕು ಹಾಕುವ ಕಳ್ಳನನ್ನು ದಫೇದಾರರು ತಮ್ಮ ಸರ್ವಿಸಿನಲ್ಲೇ ನೋಡಿರಲಿಲ್ಲ.

4.20ಕ್ಕೆ ದಸ್ತಗಿರಿ. ಸರ್ಕಾರಿ ಗುರುತು ತಿದ್ದಿದ್ದು, ನಕಲಿ ಸಹಿ ಹಾಕಿದ್ದು, ಸಾಕ್ಷ್ಯ ಮರೆಮಾಚಿದ್ದು. ಕೋಳ ಹಾಕಲಿಲ್ಲ. ಮಾರ್ಕೆಟ್ಟಿನ ಜನ ಎರಡೂ ಬದಿಗೆ ಸಾಲಾಗಿ ನಿಂತು ನೋಡಿದರು. ಟೀಚರಮ್ಮನ ಕೈಯಲ್ಲಿ 'ಎಂಟೂ ಹಾಜರು' ಪುಸ್ತಕ ಹಾಗೇ ಇತ್ತು. ಫೆಬ್ರವರಿಯಿಂದ ಏಳು ಗುರುವಾರ ತಾನು ಬರೆದದ್ದು ಸುಳ್ಳು ಎಂದು ಅವರಿಗೆ ಆಗ ಅರ್ಥವಾಯಿತೋ ಏನೋ, ಅಲ್ಲೇ ಬುಟ್ಟಿಯೊಂದರ ಮೇಲೆ ಕೂತುಬಿಟ್ಟರು. ಕಟ್ಟಡ ಹೋದ ಹಾಗೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು.

ಠಾಣೆಯಲ್ಲಿ ಫ್ರೇಮಣ್ಣ ಬೆಂಚಿನ ಮೇಲೆ ಕೂತ. ಇನ್‌ಸ್ಪೆಕ್ಟರಮ್ಮ ಜಪ್ತಿ ಪಟ್ಟಿ ಬರೆಯತೊಡಗಿದಳು. ಒಂದು, ಸೈಟಿನ ದಿನಚರಿ ಪುಸ್ತಕ. ಎರಡು, ಗಾಜಿನ ಪೊಟ್ಟಣ ಮೂರು. ಪೊಟ್ಟಣದ ತಾರೀಕು ನಕಲು ಮಾಡುತ್ತಿದ್ದವಳ ಕೈ ನಡುವೆಯೇ ನಿಂತಿತು. ಪುಸ್ತಕ ತೆಗೆದಳು. ಹಾಳೆ ತಿರುವಿದಳು.

ಕೆಂಪು ಸುತ್ತು ನಾಲ್ಕೇ ನಾಲ್ಕು. ಫೆಬ್ರವರಿ 2. ಫೆಬ್ರವರಿ 23. ಮಾರ್ಚ್ 9. ಮಾರ್ಚ್ 25.

"ದಫೇದಾರ್ರೇ! ಎಂಜಿನಿಯರಿಗೆ ಫೋನ್ ಮಾಡಿ. ಎಲ್ಲಿದ್ರೂ ಈಗಲೇ ಬರಬೇಕು."

ಎಂಜಿನಿಯರು ಅರ್ಧ ತಾಸಿನಲ್ಲಿ ಬಂದರು. ಪುಸ್ತಕ ನೋಡಿದರು, ಪೊಟ್ಟಣ ನೋಡಿದರು, ಮತ್ತೆ ಪುಸ್ತಕ ನೋಡಿದರು.

"ಪಂಪು ಹಾಕಿದ ಮಾರನೇ ಬೆಳಿಗ್ಗೆ ಗಾಜು ಸೀಳಿದೆ," ಎಂದರು. "ಪ್ರತಿ ಸಲವೂ. ಆರನೇದೂ ಬುಧವಾರವೇ ಸೀಳಿರಬೇಕು, ಕಣ್ಣಿಗೆ ಬಿದ್ದಿದ್ದು ಗುರುವಾರ. ಗುಂಡಿ ನೀರು ಎಳೆದ್ರೆ ಪಕ್ಕದ ನೆಲದ ನೀರೂ ಇಳಿಯುತ್ತೆ, ಮಣ್ಣು ಕೂರುತ್ತೆ. ಕಟ್ಟಡಕ್ಕೆ ಏನೂ ಆಗಿಲ್ಲ ಮೇಡಂ. ಅದರ ಕಾಲ ಕೆಳಗಿನ ನೆಲವನ್ನ ಅವರು ಎಳೀತಿದಾರೆ. ಮಧ್ಯದ ದಿನಗಳಲ್ಲಿ ಒಂದೂ ಒಡೆದಿಲ್ಲ ನೋಡಿ. ಪಂಪು ನಿಂತ್ರೆ ಕಟ್ಟಡ ನಿಲ್ಲುತ್ತೆ."

"ಇದನ್ನ ಬರೆದು ಕೊಡ್ತೀರಾ?"

"ಈಗಲೇ ಕೊಡ್ತೀನಿ." ಎಂಜಿನಿಯರು ಬೆಂಚಿನ ಕಡೆ ತಿರುಗಿದರು. ಅಳೆದು ತೂಗುವ ಮನುಷ್ಯನ ದನಿ ಏರಿತು. "ಅಲ್ಲ ಸ್ವಾಮಿ, ಫೆಬ್ರವರಿ ಮೂರನೇ ತಾರೀಕು ನನಗೊಂದು ಮಾತು ಹೇಳಿದ್ರೆ ಅವತ್ತೇ ಪಂಪು ನಿಲ್ಲಿಸ್ತಿದ್ದೆ! ಎರಡು ತಿಂಗಳು ಮುಚ್ಚಿಟ್ಟು ಕಟ್ಟಡವನ್ನ ನೀವೇ ಬೀಳಿಸ್ತಿದ್ರಿ, ಗೊತ್ತಾ?"

ಫ್ರೇಮಣ್ಣ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಭುಜ ಕುಲುಕುತ್ತಿತ್ತು. ದಫೇದಾರರು ಟೀ ತಂದು ಪಕ್ಕದಲ್ಲಿಟ್ಟರು, ಆರಿದ ಮೇಲೆ ಇನ್ನೊಂದು ತಂದಿಟ್ಟರು.

ಶನಿವಾರ ಬೆಳಿಗ್ಗೆ 9ಕ್ಕೆ ಪಂಪಿಗೆ ತಡೆಯಾಜ್ಞೆ. ಸೋಮವಾರದ ವರದಿಯಲ್ಲಿ ಕೆಡವುವ ಮಾತಿರಲಿಲ್ಲ. ಮೂರು ಕಮಾನಿಗೆ ಮರದ ಆಸರೆ, ಹೊಸದಾಗಿ ತೊಂಬತ್ತು ದಿನದ ಎಣಿಕೆ. ಫ್ರೇಮಣ್ಣನಿಗೆ ಜಾಮೀನು ನಿಲ್ಲಲು ಒಬ್ಬರು ಸಾಕು ಎಂದರೂ ಮೂವತ್ತೆರಡು ಜನ ಬಂದಿದ್ದರು. ಮೊದಲ ಸಹಿ ಟೀಚರಮ್ಮನದು. ಸಹಿ ಹಾಕಿ, "ಕೋರ್ಟಲ್ಲಿ ಶಿಕ್ಷೆ ಆಗಲಿ ಇವನಿಗೆ. ಆದರೆ ಅಲ್ಲೀವರೆಗೆ ಮನೆ ಊಟ ಮಾಡಲಿ," ಎಂದರು.

ದೋಷಾರೋಪಣೆ ಪಟ್ಟಿಯಲ್ಲಿ ಉದ್ದೇಶ ಎಂದೊಂದು ಕಲಮು ಇರುತ್ತದೆ. ಲಾಭ, ದ್ವೇಷ, ಭಯ, ಯಾವುದಾದರೂ ಒಂದು ಬರೆಯಬೇಕು. ಇನ್‌ಸ್ಪೆಕ್ಟರಮ್ಮ ಬಹಳ ಹೊತ್ತು ಪೆನ್ನು ಹಿಡಿದು ಕೂತಳು. ಕೊನೆಗೆ ಬರೆದಳು: 'ಆರೋಪಿಯ ಪತ್ನಿಗೆ ದೃಷ್ಟಿಯಿಲ್ಲ. ಸದರಿ ಕಟ್ಟಡದಲ್ಲಿ ಮಾತ್ರ ಆಕೆ ಯಾರ ಸಹಾಯವೂ ಇಲ್ಲದೆ ಓಡಾಡುತ್ತಾಳೆ.' ಓದಿ ನೋಡಿದಳು. ಹೊಡೆದುಹಾಕಲಿಲ್ಲ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ 6ಕ್ಕೆ ಹೊಸ ಪಟ್ಟಿ ಅಂಟಿಸುವ ಕೆಲಸ. ಪೊಲೀಸರ ಸಮ್ಮುಖದಲ್ಲೇ ಆಗಬೇಕು ಎಂದು ಆದೇಶ. ಕೇಸು ಮುಗಿಯುವವರೆಗೆ ಫ್ರೇಮಣ್ಣ ಪಟ್ಟಿಗಳ ಹತ್ತಿರ ಸುಳಿಯುವಂತಿಲ್ಲ. ಅವನು ಬಾಗಿಲಾಚೆ ಮೆಟ್ಟಿಲ ಮೇಲೆ ಕೂತಿದ್ದ. ಅವನ ಹೆಂಡತಿ ಮಾತ್ರ ಒಳಗೆ ಬಂದಳು, ಒಬ್ಬಳೇ. ಒಂದನೇ ಕಂಬ ಸವರಿದಳು, ಎರಡನೆಯದು, ಮೂರನೆಯದು. ಆಸರೆಯ ಮರ ಕೈಗೆ ತಗುಲಿದಾಗ ನಿಂತು, ಅದನ್ನೂ ಮೇಲಿಂದ ಕೆಳಗೆ ಸವರಿ ಗುರುತು ಮಾಡಿಕೊಂಡಳು. ಎಂಜಿನಿಯರು ಆಗಷ್ಟೇ ಅಂಟಿಸಿದ ನಾಲ್ಕನೇ ಪಟ್ಟಿಗೆ ಬೆರಳು ಮುಟ್ಟಿತು.

ಇನ್‌ಸ್ಪೆಕ್ಟರಮ್ಮ, "ಜೋಪಾನ ಅತ್ತೆ," ಎನ್ನಲು ಬಾಯಿ ತೆರೆದಳು. ಬೆರಳು ಅಂಚಿನುದ್ದಕ್ಕೂ ಸಲೀಸಾಗಿ ಹೋಯಿತು.

"ಯಾರೋ ಉಜ್ಜಿದಾರೆ," ಎಂದಳು ಆಕೆ. ಇನ್ನೊಮ್ಮೆ ಸವರಿದಳು. "ನಮ್ಮನೆಯವರಲ್ಲ. ಅವರ ಕೈ ಹೀಗಲ್ಲ. ಇದು ಯಾರೋ ಹೊಸಬರು, ಪಾಪ, ತುಂಬ ಕಷ್ಟಪಟ್ಟಿದಾರೆ."

ಎಂಜಿನಿಯರು ತಮಗೇನೂ ಗೊತ್ತಿಲ್ಲ ಎಂಬಂತೆ ಗಾರೆ ಕಲಸುತ್ತಿದ್ದರು. ಮೀಸೆ ದಫೇದಾರರು ಬೆರಳುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಗವಾಕ್ಷಿ ನೋಡುತ್ತಿದ್ದರು. ಈಗ ಒಂದಲ್ಲ, ನಾಲ್ಕು ಬೆರಳಿಗೆ ಪಟ್ಟಿ ಸುತ್ತಿತ್ತು.

"ನನ್ನ ಬೆರಳಿಗೋಸ್ಕರ ಉಜ್ಜಿದ್ದು ಮೇಡಂ," ಎಂದು ಯಾರೂ ಕೇಳದಿದ್ದರೂ ಹೇಳಿದರು. "ಅಳತೆ ಮಾಡೋನು ನಾನೇ ಅಲ್ವಾ?"

ಅವಳು ತಲೆ ಬಗ್ಗಿಸಿ ಮಹಜರು ಬರೆದಳು. ಗಾಜಿನ ಪಟ್ಟಿ ಎಂಟು. ಎಂಟೂ ಇಡಿಯಾಗಿವೆ. ಅಂಚು ಉಜ್ಜಿದೆ.